ಪಂಪ್ ಹೌಸಿನಿಂದ ಶನಿಗ್ರಹಕ್ಕೆ

ಎರಡೇ ಪದದಲ್ಲಿ ಮುಗಿಯುವ ವಿಷಯವನ್ನು ಏಳು ಪದಕ್ಕೆ ಎಳೆದದ್ದು ನಮ್ಮ ಆಪರೇಟರ್ ಮಾಡಿದ ಒಂದೇ ಒಂದು ತಪ್ಪು. ಮಿಕ್ಕ ತಪ್ಪುಗಳನ್ನೆಲ್ಲ ಬೇರೆಯವರು ಮಾಡಿದರು. ಅನುಭವಿಸಿದವರು ಮಾತ್ರ ಅವರೊಬ್ಬರೇ.

ಅವರು ನೀರು ಸರಬರಾಜು ಕಚೇರಿಯಲ್ಲಿ ಪಂಪ್ ಆಪರೇಟರ್. ಕಚೇರಿಯ ಹಿಂಬದಿಯ ಕೋಣೆಯಲ್ಲಿ, ಒಂದು ಕಾಲು ಗಿಡ್ಡವಾದ ಕುರ್ಚಿಯ ಮೇಲೆ ಕೂತು, ಗೋಡೆಗೆ ಹೊಡೆದ ಬೋರ್ಡಿನ ಗುಂಡಿಗಳನ್ನು ಒತ್ತುವುದು ಅವರ ಕೆಲಸ. ಒತ್ತಿದರೆ ಹದಿನೆಂಟು ಕಿಲೋಮೀಟರ್ ಆಚೆ, ಕೆರೆ ದಂಡೆಯ ಮೇಲಿನ ಪಂಪ್ ಹೌಸಿನಲ್ಲಿ ಪಂಪು ಶುರುವಾಗಬೇಕು. ಶುರುವಾದರೆ ಹಸಿರು ದೀಪ, ಆಗದಿದ್ದರೆ ಕೆಂಪು. ಎರಡೂ ಹತ್ತದಿದ್ದರೆ, ಪಂಪು ಕೆಟ್ಟಿದೆಯೋ, ತಂತಿ ಕಡಿದಿದೆಯೋ, ದೀಪವೇ ಸುಟ್ಟಿದೆಯೋ ಎಂದು ಜೀಪು ಹತ್ತಿ ಹೋಗಿ ನೋಡಿ ಬರಬೇಕು. ಇಪ್ಪತ್ತೊಂದು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದ ಮನುಷ್ಯನಿಗೆ ಅಹಂಕಾರ ಬರಲು ಕಾರಣವೇ ಇರಲಿಲ್ಲ. ಅದನ್ನು ತಂದುಕೊಟ್ಟವನು ಅವರ ಭಾವ, ಅಂದರೆ ಹೆಂಡತಿಯ ಅಣ್ಣ.

ಭಾವನದು ಹಾಸಿಗೆ ಅಂಗಡಿ. ಆ ಭಾನುವಾರ ಅವನು ಹೊಸದಾಗಿ ಅಚ್ಚು ಹಾಕಿಸಿದ ವಿಸಿಟಿಂಗ್ ಕಾರ್ಡ್ ಹಿಡಿದುಕೊಂಡು ಬಂದಿದ್ದ. ಕಾರ್ಡಿನಲ್ಲಿ ಹಾಸಿಗೆಯ ಸುದ್ದಿಯೇ ಇರಲಿಲ್ಲ. ಅವನ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ‘ನಿದ್ರಾ ಸಲಹೆಗಾರರು’ ಎಂದಿತ್ತು.

“ನೀನು ಇನ್ನೂ ಪಂಪೇನಾ?” ಎಂದು ಕೇಳಿ, ಕಾಫಿ ಕುಡಿದು, ಭಾವ ಹೊರಟುಹೋದ. ಆ ಮಾತು ಮಾತ್ರ ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಆಪರೇಟರ್ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಕನ್ನಡಿ ಮುಂದೆ ನಿಂತಿದ್ದಾಗ ಮಗಳು ಗುಬ್ಬಿ ಶಾಲೆಯ ಫಾರಂ ಹಿಡಿದು ಬಂದಳು. ಮೂರನೇ ಕ್ಲಾಸು. ದುಂಡಗೆ ಬರೆಯುತ್ತಾಳೆ, ನಿಧಾನಕ್ಕೆ ಬರೆಯುತ್ತಾಳೆ, ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಾಳೆ.

“ಅಪ್ಪ, ‘ತಂದೆಯ ಉದ್ಯೋಗ’ ಅಂತ ಇದೆ. ಏನು ಬರೀಲಿ?”

ಆಪರೇಟರ್ ರೇಜರನ್ನು ಗಾಳಿಯಲ್ಲಿ ಹಿಡಿದು ಒಂದು ಕ್ಷಣ ಯೋಚಿಸಿದರು. ನಿದ್ರೆಗೇ ಸಲಹೆಗಾರರಿರುವ ಕಾಲ ಇದು.

“ಬರ್ಕೋ. ಅತಿ ದೂರದ ಯಂತ್ರಗಳಿಗೆ ಸಂಕೇತ ಕಳಿಸಿ ಅವುಗಳನ್ನು ನಿಯಂತ್ರಿಸುವುದು.”

ಒಳಗಿನಿಂದ ಹೆಂಡತಿಯ ದನಿ ಬಂತು. ಆಕೆ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವಳು. ಬೇಡದ ಪದ ಎಲ್ಲಿ ಬಿದ್ದರೂ ಆಕೆಯ ಕಿವಿಗೆ ಕಲ್ಲು ಬಿದ್ದ ಹಾಗಾಗುತ್ತದೆ. “ರೀ, ಪಂಪ್ ಆಪರೇಟರ್ ಅಂತ ಎರಡು ಪದ ಬರೆಸಿದ್ರೆ ಸಾಕಾಗಲ್ವಾ?”

“ಎರಡು ಪದದಲ್ಲಿ ಒಬ್ಬ ಮನುಷ್ಯ ಹಿಡಿಸ್ತಾನೇನೇ? ನಾನೇನು ಸುಳ್ಳು ಬರೆಸಿದ್ನಾ?”

ಸುಳ್ಳೇನೂ ಬರೆಸಿರಲಿಲ್ಲ. ಅದೇ ಮುಂದೆ ದೊಡ್ಡ ತೊಂದರೆಯಾಯಿತು. ಸುಳ್ಳಾಗಿದ್ದರೆ ತಪ್ಪಾಯಿತು ಎಂದು ಒಪ್ಪಿಕೊಂಡು ಮುಗಿಸಬಹುದಿತ್ತು.

ಬುಧವಾರ ಗುಬ್ಬಿಯ ಕೈಯಲ್ಲಿ ಒಂದು ಚೀಟಿ ಬಂತು. ‘ಮಾನ್ಯರೇ, ತಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ತಿಳಿಸಿಕೊಡಬೇಕಾಗಿ ವಿನಂತಿ. ದಯವಿಟ್ಟು ಬಂದು ಕಾಣಿರಿ.’ ಆಪರೇಟರ್ ಆ ಚೀಟಿಯನ್ನು ಮೂರು ಸಲ ಓದಿದರು. ಇಪ್ಪತ್ತೊಂದು ವರ್ಷದಲ್ಲಿ ಅವರ ಕೆಲಸದ ಬಗ್ಗೆ ಜನ ಕೇಳಿದ್ದು ಒಂದೇ ಪ್ರಶ್ನೆ: ನೀರು ಯಾವಾಗ ಬಿಡ್ತೀರಿ? ಗುರುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಶಾಲೆಗೆ ಹೋದರು.

ಮೂರನೇ ಕ್ಲಾಸಿನ ಟೀಚರು ಅವರನ್ನು ನೋಡಿ ಎದ್ದು ನಿಂತರು. ಆಪರೇಟರನ್ನು ನೋಡಿ ಎದ್ದು ನಿಂತವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಅವರಿಗೆ ಅಲ್ಲೇ ಅರ್ಧ ಬುದ್ಧಿ ಮಂಕಾಯಿತು.

“ಕೂತ್ಕೊಳಿ ಸರ್. ಇಷ್ಟು ಬಿಡುವಿಲ್ಲದವರು ಬಂದ್ರಲ್ಲ, ನಮ್ಮ ಪುಣ್ಯ! ಅಷ್ಟು ದೂರದ ಯಂತ್ರ ಅಂದ್ರೆ ತುಂಬಾ ಹೊತ್ತು ಕಾಯ್ಬೇಕೇನೋ, ಉತ್ತರ ಬರೋಕೆ?”

“ಕೆಲವು ಸಲ ಅರ್ಧ ನಿಮಿಷ, ಕೆಲವು ಸಲ ಉತ್ತರವೇ ಬರಲ್ಲ,” ಎಂದರು ಆಪರೇಟರ್ ಸತ್ಯವಾಗಿ.

“ಅಯ್ಯೋ! ಆಗ ಏನು ಮಾಡ್ತೀರಿ ಸರ್?”

“ಹೋಗಿ ನೋಡ್ಕೊಂಡು ಬರ್ತೀವಿ.”

ಟೀಚರು ಎದೆಯ ಮೇಲೆ ಕೈ ಇಟ್ಟುಕೊಂಡರು. “ನೀವೇ ಹೋಗ್ತೀರಾ?”

“ನಾನು, ಮತ್ತೆ ಡ್ರೈವರು.”

ಎಲ್ಲೋ ಏನೋ ಎಡವಟ್ಟಾಗಿದೆ ಎಂದು ಆಪರೇಟರಿಗೆ ಹೊಳೆದದ್ದು ಆಗ. ಟೀಚರ ಹಿಂದಿನ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಅಂಟಿಸಿದ್ದರು. ಕಪ್ಪು ಆಕಾಶ, ಬಳೆ ತೊಟ್ಟ ಶನಿಗ್ರಹ, ಅದರ ಪಕ್ಕದಲ್ಲಿ ಬಾಣಲೆಗೆ ಕೈಕಾಲು ಮೂಡಿದಂಥ ಒಂದು ಯಂತ್ರ. ‘ದೂರದ ಗ್ರಹಗಳಿಗೆ ಹೋದ ರೋಬೋಟ್ ನೌಕೆ’ ಎಂದು ಕೆಳಗೆ ಬರೆದಿತ್ತು.

“ಮೇಡಂ, ಒಂದು ವಿಷಯ. ನಾನು ನೀರಿನ...”

“ನೀರಿನ ವಿಭಾಗವಾ!” ಟೀಚರು ಕೂಗಿದರು. “ನಾನು ನಿನ್ನೆ ತಾನೇ ಮಕ್ಕಳಿಗೆ ಹೇಳಿದೆ ಸರ್, ಆ ಗ್ರಹಗಳ ಚಂದ್ರರಲ್ಲಿ ಮಂಜುಗಡ್ಡೆಯ ಕೆಳಗೆ ಸಮುದ್ರ ಇದೆ ಅಂತ. ಅದನ್ನ ನೋಡ್ಕೊಳ್ಳೋರು ನೀವೇನಾ?”

“ಆ ನೀರಲ್ಲ ಮೇಡಂ, ಕೆರೆ...”

“ಕೆರೆಗಳೂ ಇವೆಯಾ!”

ಅಷ್ಟರಲ್ಲಿ ಹೆಡ್ ಮಿಸ್ಸು ಒಳಗೆ ಬಂದರು, ಟೀಚರು ಕೆರೆಯ ಸುದ್ದಿ ಹೇಳಿದರು, ಹೆಡ್ ಮಿಸ್ಸು ಕೈ ಮುಗಿದರು, ಟೀ ಬಂತು. ಇಷ್ಟೆಲ್ಲ ಆದಮೇಲೆ, ನಾನು ಪಂಪಿನವನು ಎಂದು ಹೇಳುವ ಗಟ್ಟಿ ಎದೆ ಕೆಲವರಿಗೆ ಇರುತ್ತದೆ. ನಮ್ಮ ಆಪರೇಟರಿಗೆ ಇರಲಿಲ್ಲ. ಟೀ ಕುಡಿದು, ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ ಬರುತ್ತೇನೆ ಎಂದು ಒಪ್ಪಿಕೊಂಡು ಮನೆಗೆ ಬಂದರು.

“ಹೇಳಿಬಿಟ್ರಾ?” ಎಂದಳು ಹೆಂಡತಿ.

“ಹೇಳೋಕೆ ಹೋದೆ ಕಣೇ. ಬಾಯಿ ತೆರೆದಷ್ಟೂ ಮೇಲೇರ್ತಾ ಹೋದೆ.”

ಮರುದಿನ ಶಾಲೆಯ ಗೇಟಿಗೆ ಬ್ಯಾನರು ಬಿತ್ತು. ‘ದೂರದ ಗ್ರಹಗಳ ನೌಕೆ: ನಡೆಸುವವರ ಬಾಯಲ್ಲೇ ಕೇಳಿ! ಪೋಷಕರಿಗೂ ಸ್ವಾಗತ.’ ಆಪರೇಟರಿಗೆ ಸೈಕಲ್ಲಿನಲ್ಲಿ ಹೋಗುವಾಗ ಅದು ಕಂಡಿತು. ಅಲ್ಲಿಂದ ಮುಂದೆ ಅವರು ಸೈಕಲ್ಲನ್ನು ತಳ್ಳಿಕೊಂಡು ಹೋದರು.

ಮೊದಲು ಬಂದವರು ಮಹಡಿ ಮನೆಯ ನಿವೃತ್ತ ರೈಲ್ವೆ ಗಾರ್ಡ್. ಮೂವತ್ತೆರಡು ವರ್ಷ ಗಾಡಿಯ ಕೊನೇ ಡಬ್ಬಿಯಲ್ಲಿ ಹಸಿರು ಬಾವುಟ ಬೀಸಿದವರು. ಯಾವ ಪ್ರಯಾಣವನ್ನೇ ಆಗಲಿ ಅವರು ಗಾರ್ಡಿನ ಕಣ್ಣಿನಿಂದಲೇ ನೋಡುವವರು.

“ಅಲ್ರೀ, ಒಂದೇ ಲೈನಾ, ಎರಡು ಲೈನಾ? ಎದುರಿಂದ ಇನ್ನೊಂದು ಬಂದ್ರೆ?”

“ಯಾವುದೂ ಬರಲ್ಲ ಸಾರ್. ಖಾಲಿ.”

“ಸ್ಟೇಷನ್ ಎಷ್ಟು?”

“ಗುರು, ಶನಿ, ಯುರೇನಸ್, ನೆಪ್ಚೂನ್,” ಎಂದರು ಆಪರೇಟರ್. ಗುಬ್ಬಿಯ ಪಾಠದ ಪುಸ್ತಕವನ್ನು ರಾತ್ರಿಯೇ ತಿರುವಿ ಹಾಕಿದ್ದರು. “ನಿಲ್ಲೋದಿಲ್ಲ ಸಾರ್. ನೋಡ್ಕೊಂಡು ಮುಂದಕ್ಕೆ ಹೋಗೋದು.”

“ಓ, ಥ್ರೂ ಗಾಡಿ! ಕಲ್ಲಿದ್ದಲೋ ಡೀಸೆಲ್ಲೋ?”

“ಹೊರಟಾಗ ರಾಕೆಟ್ ನೂಕಿದ್ದಷ್ಟೇ. ಆಮೇಲೆ ಗುರು ಗ್ರಹದ ಹತ್ತಿರ ಹೋದಾಗ ಅದು ತನ್ನ ಕಡೆ ಸೆಳೆದು, ಕವಣೆಕಲ್ಲಿನ ಹಾಗೆ ಬೀಸಿ ಬಿಡುತ್ತೆ. ಎಣ್ಣೆ ಸುಡದೇ ವೇಗ.”

ಗಾರ್ಡ್, “ಗಾರ್ಡ್ ಇಲ್ಲದೇ ಗಾಡಿ ಬಿಡೋದು ನನಗೆ ಸರಿ ಕಾಣಲ್ಲಪ್ಪ,” ಎಂದು ಎದ್ದುಹೋದರು.

ಆಮೇಲೆ ಬಂದವನು ಭಾವ. ಈ ಸಲ ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಬಂದ. ಜೇಬಿನಿಂದ ಅಂಗೈಯಗಲದ ಒಂದು ಸ್ಟಿಕ್ಕರ್ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಹಾಸಿಗೆಯ ಮೇಲೆ ಒಬ್ಬ ಮನುಷ್ಯ ನಗುತ್ತಾ ಮಲಗಿದ್ದ.

“ಜಾಸ್ತಿ ಏನಲ್ಲ. ನಿನ್ನ ನೌಕೆಗೆ ಎಲ್ಲಾದರೂ ಒಂದು ಮೂಲೆಗೆ ಅಂಟಿಸಿಬಿಡು.”

“ಭಾವ, ಅದು ಭೂಮಿ ಬಿಟ್ಟು ಹೋಗಿ ನಿನ್ನ ವಯಸ್ಸಿನಷ್ಟು ವರ್ಷ ಆಯ್ತು.”

“ವಾಪಸ್ ಬಂದಾಗ ಅಂಟಿಸು. ಅವಸರ ಇಲ್ಲ.”

“ನಾನು ನೌಕೆಯವನಲ್ಲ ಭಾವ! ಪಂಪು! ಪಂಪು!”

ಭಾವ ತಂಗಿಯ ಕಡೆ ತಿರುಗಿದ. “ನೋಡಮ್ಮಾ, ದೊಡ್ಡ ಮನುಷ್ಯ ಆದ ಕೂಡ್ಲೇ ನೆಂಟರನ್ನ ಹೇಗೆ ದೂರ ಇಡ್ತಾನೆ.”

ಮಂಗಳವಾರ ಇದು ಕಚೇರಿಗೂ ಮುಟ್ಟಿತು. ಮೇಲಧಿಕಾರಿಯ ಮೊಮ್ಮಗಳು ಅದೇ ಶಾಲೆಯಲ್ಲಿದ್ದಳು. ಗುಮಾಸ್ತ ಒಂದು ಕವರು ತಂದು ಆಪರೇಟರ ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು, ಹೋಗದೆ ಅಲ್ಲೇ ನಿಂತ. ಓದುವಾಗ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ.

‘ಸದರಿ ನೌಕರರು ಇಲಾಖೆಯ ಪೂರ್ವಾನುಮತಿ ಪಡೆಯದೆ ದೂರದ ಗ್ರಹಗಳಲ್ಲಿ ನೌಕೆ ನಡೆಸುತ್ತಿರುವುದಾಗಿಯೂ, ಅಲ್ಲಿನ ಕೆರೆಗಳ ಉಸ್ತುವಾರಿ ವಹಿಸಿರುವುದಾಗಿಯೂ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಸೇವಾ ನಿಯಮಗಳ ಪ್ರಕಾರ ಎರಡನೇ ಉದ್ಯೋಗ ಅಪರಾಧ. ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಅಮಾನತು.’

ಅಮಾನತು ಎಂಬ ಪದ ಓದಿದಾಗ ಕುರ್ಚಿಯ ಗಿಡ್ಡ ಕಾಲು ಟಕ್ಕೆಂದು ನೆಲಕ್ಕೆ ಬಡಿಯಿತು.

ಹೆಂಡತಿ ಕೂತು ಉತ್ತರ ಬರೆದುಕೊಟ್ಟಳು. ಒಂದೇ ಸಾಲು. ‘ನಾನು ಯಾವ ಗ್ರಹಕ್ಕೂ ಯಾವ ನೌಕೆಯನ್ನೂ ಕಳಿಸಿಲ್ಲ.’ ಅದಕ್ಕೆ ಇನ್ನೊಂದು ಸಾಲು ಸೇರಿಸಲು ಆಪರೇಟರ್ ಎಷ್ಟು ಬೇಡಿದರೂ ಆಕೆ ಪೆನ್ನು ಕೊಡಲಿಲ್ಲ. “ಈಗಾಗಲೇ ಐದು ಪದ ಜಾಸ್ತಿ ಬರೆಸಿ ಇಲ್ಲಿಗೆ ಬಂದಿದ್ದೀರಿ.”

ಮೇಲಧಿಕಾರಿ ಆ ಸಾಲನ್ನು ಕನ್ನಡಕ ತೆಗೆದು ಓದಿದರು, ಹಾಕಿಕೊಂಡು ಓದಿದರು. “ಕಳಿಸಿಲ್ಲ ಅನ್ನೋದಕ್ಕೆ ದಾಖಲೆ?”

“ಕಳಿಸದೇ ಇರೋದಕ್ಕೆ ದಾಖಲೆ ಎಲ್ಲಿರುತ್ತೆ ಸಾರ್?”

“ಅದೇ ನೋಡಿ. ಕಳಿಸಿದ್ದೀರಿ ಅನ್ನೋದಕ್ಕೆ ಇದೆಯಲ್ಲ, ಬ್ಯಾನರು. ನೀವು ಬಾಹ್ಯಾಕಾಶದವರಲ್ಲ ಅಂತ ಶಾಲೆಯಿಂದ ಬರೆಸಿಕೊಂಡು ಬನ್ನಿ.”

ಅರ್ಧ ದಿನ ರಜೆ ಹಾಕಿ ಶಾಲೆಗೆ ಓಡಿದರು. ಹೆಡ್ ಮಿಸ್ಸು ಸಮಾಧಾನದಿಂದ ಕೇಳಿಸಿಕೊಂಡು, “ಸರ್, ನೀವು ಅಲ್ಲ ಅಂತ ನಾನು ಹೇಗೆ ಬರೆದುಕೊಡಲಿ? ನಾವು ಎಷ್ಟು ಜನ ಪೋಷಕರನ್ನ ಕರೆದಿದ್ದೀವಿ! ಶನಿವಾರ ಕಾರ್ಯಕ್ರಮ ಮುಗೀಲಿ, ಆಮೇಲೆ ಏನು ಬೇಕಾದ್ರೂ ಬರೆದುಕೊಡ್ತೀನಿ,” ಎಂದರು. ಅಲ್ಲಿಂದ ಮತ್ತೆ ಕಚೇರಿಗೆ. ಮೇಲಧಿಕಾರಿ ಗಡ್ಡ ಕೆರೆದುಕೊಂಡು, “ಹಾಗಾದ್ರೆ ಶನಿವಾರ ನಾನೇ ಬರ್ತೀನಿ. ಸ್ಥಳ ಪರಿಶೀಲನೆ,” ಎಂದರು.

ಇಷ್ಟರ ಮಧ್ಯೆ ಗುಬ್ಬಿ ಏನು ಮಾಡುತ್ತಿದ್ದಾಳೆ ಎಂದು ಯಾರೂ ನೋಡಿರಲಿಲ್ಲ. ಶುಕ್ರವಾರ ಸಂಜೆ ಅವಳು ಶಾಲೆಯಿಂದ ಬಂದು ಬ್ಯಾಗನ್ನು ಬಾಗಿಲಲ್ಲೇ ಬಿಸಾಕಿ ಮಂಚದ ಕೆಳಗೆ ಹೋಗಿ ಕೂತಳು. ಆಪರೇಟರ್ ನೆಲಕ್ಕೆ ಮೊಣಕೈ ಊರಿ ಬಗ್ಗಿ ನೋಡಿದರು.

“ಏನಾಯ್ತೇ ಪುಟ್ಟಾ?”

“ನಾನು ಸುಳ್ಳಿ ಅಂತೆ.”

“ಯಾರು ಅಂದಿದ್ದು?”

“ಎಲ್ಲರೂ. ನಮ್ಮಪ್ಪ ಪಂಪ್ ಆಪರೇಟರು ಅಂದೆ. ಮಿಸ್ಸು, ‘ನೋಡಿ ಮಕ್ಕಳೇ, ಎಷ್ಟು ವಿನಯ’ ಅಂದ್ರು. ವಿನಯ ಅಂದ್ರೇನು ಅಂತ ಕ್ಲಾಸಲ್ಲಿ ಎಲ್ಲರೂ ಕೇಳಿದ್ರು. ‘ದೊಡ್ಡವರಾಗಿದ್ರೂ ಚಿಕ್ಕವರು ಅಂತ ಹೇಳ್ಕೊಳ್ಳೋದು’ ಅಂದ್ರು ಮಿಸ್ಸು. ಅಂದ್ರೆ ಸುಳ್ಳು ತಾನೇ ಅಂತ ಎಲ್ಲರೂ ನನ್ನ ಜೊತೆ ಟೂ ಬಿಟ್ಟಿದ್ದಾರೆ.”

ಇಡೀ ಊರಿನಲ್ಲಿ ನಿಜ ಹೇಳಿದವಳು ಅವಳೊಬ್ಬಳು. ಆಪರೇಟರೂ ತೆವಳಿಕೊಂಡು ಮಂಚದ ಕೆಳಗೆ ಹೋಗಿ, ತಲೆ ಬಗ್ಗಿಸಿ ಮಗಳ ಪಕ್ಕ ಕೂತರು. ಹೆಂಡತಿ ಬಂದು ನೋಡಿದಾಗ ಮಂಚದ ಕೆಳಗಿನಿಂದ ನಾಲ್ಕು ಪಾದ ಕಾಣುತ್ತಿದ್ದವು.

“ನಾಳೆ ಹೇಳ್ತೀನಿ ಕಣೇ,” ಎಂದಿತು ದೊಡ್ಡ ಪಾದದ ಜೋಡಿ. “ಎಲ್ಲರ ಎದುರಿಗೆ.”

ಶನಿವಾರ ಶಾಲೆಯ ಹಾಲ್ ಕಿಕ್ಕಿರಿದಿತ್ತು. ನೆಲದ ಮೇಲೆ ಮಕ್ಕಳು, ಹಿಂದೆ ಪೋಷಕರು. ಮುಂದಿನ ಕುರ್ಚಿಗಳಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡ ಮೇಲಧಿಕಾರಿ, ಸ್ಟಿಕ್ಕರಿನೊಂದಿಗೆ ಭಾವ, ಸೀಟಿ ಕೊರಳಿಗೆ ಹಾಕಿಕೊಂಡ ಗಾರ್ಡ್. ಸೀಟಿ ಯಾಕೆ ಎಂದು ಕೇಳಿದ್ದಕ್ಕೆ, “ಇರಲಿ,” ಎಂದಿದ್ದರು.

ಆಪರೇಟರ್ ಮೈಕಿನ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದರು. “ಮಕ್ಕಳೇ, ನಾನು ನೌಕೆ ನಡೆಸಲ್ಲ. ನಾನು ನೀರಿನ ಕಚೇರಿಯ ಪಂಪ್ ಆಪರೇಟರ್. ನನ್ನ ಮಗಳು ಹೇಳಿದ್ದು ನಿಜ.”

ಹಾಲ್ ತುಂಬ ಚಪ್ಪಾಳೆ. ಟೀಚರು ಕಣ್ಣೊರೆಸಿಕೊಂಡರು. “ಎಂಥಾ ಸರಳತೆ!”

“ಸರಳತೆ ಅಲ್ಲ ಮೇಡಂ! ಪಂಪು!” ಆಪರೇಟರ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. ಜೇಬಿನಿಂದ ಕಚೇರಿಯ ಗುರುತಿನ ಚೀಟಿ ತೆಗೆದು ಮೈಕಿಗೆ ಅಡ್ಡ ಹಿಡಿದರು. “ಒಂದನೇ ಪಂಪು, ಎರಡನೇ ಪಂಪು, ಮೂರನೇ ಪಂಪು! ಮೂರನೆಯದು ಹೋದ ವಾರದಿಂದ ಕೆಟ್ಟಿದೆ! ನಂಬಿಕೆ ಇಲ್ಲದಿದ್ರೆ ಮೇಲಿನ ಬೀದಿಯವರನ್ನ ಕೇಳಿ, ನಲ್ಲಿಯಲ್ಲಿ ಏನು ಬರ್ತಿದೆ ಅಂತ!”

ಈಗ ನಂಬಿದರು. ಹಿಂದಿನ ಸಾಲಿನ ಒಬ್ಬ ಅಜ್ಜಿ ಎದ್ದು ನಿಂತು, “ಗಾಳಿ ಬರ್ತಿದೆ! ಆರು ದಿನ ಆಯ್ತು, ಬರೀ ಗಾಳಿ!” ಎಂದರು. ಆಮೇಲೆ ಎಲ್ಲರೂ ಎದ್ದರು. ಒಂದು ವಾರ ಅವರನ್ನು ಆಕಾಶದಲ್ಲಿ ಕೂರಿಸಿದ್ದ ಜನವೇ ಈಗ ಒಬ್ಬರ ಮೇಲೊಬ್ಬರು ಬಿದ್ದು ಕೆಳಗಿಳಿಸತೊಡಗಿದರು. ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಿಡುವುದು, ಕೆಂಪು ನೀರು, ಫೋನ್ ಎತ್ತದಿರುವುದು. ಮೇಲಧಿಕಾರಿ ನಿಧಾನವಾಗಿ ಫೈಲನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು. ಭಾವ ಸ್ಟಿಕ್ಕರನ್ನು ಜೇಬಿಗೆ ಹಾಕಿಕೊಂಡು, “ನಾನು ಅವತ್ತೇ ಹೇಳಿದ್ನಲ್ಲ, ಪಂಪು ಅಂತ,” ಎಂದು ಪಕ್ಕದವರಿಗೆ ಹೇಳಿದ.

ಗದ್ದಲದ ನಡುವೆ ಮೊದಲನೇ ಸಾಲಿನಿಂದ ಒಂದು ಕೀಚಲು ದನಿ ಬಂತು.

“ನೌಕೆ ಕಥೆ ಹೇಳ್ತೀರೋ ಇಲ್ವೋ?”

ಕೇಳಿದವಳು ಚೋಟುದ್ದದ ಒಬ್ಬ ಹುಡುಗಿ. ಒಂದನೇ ಕ್ಲಾಸು. ಕೂತರೂ ಅಷ್ಟೇ ಎತ್ತರ, ನಿಂತರೂ ಅಷ್ಟೇ ಎತ್ತರ. ಗಾರ್ಡ್ ಸೀಟಿ ಊದಿದರು. ಹಾಲ್ ನಿಶ್ಶಬ್ದವಾಯಿತು.

“ಹೇಳ್ತೀನಮ್ಮ,” ಎಂದರು ಆಪರೇಟರ್. ಗೊತ್ತಿದ್ದದ್ದು ಪಾಠದ ಪುಸ್ತಕದ ನಾಲ್ಕು ಪುಟ, ಮತ್ತೆ ಪಂಪು. ಎರಡನ್ನೂ ಸೇರಿಸಿಕೊಂಡು ಶುರು ಮಾಡಿದರು. “ನಾನು ಗುಂಡಿ ಒತ್ತಿದ್ರೆ ಪಂಪಿಗೆ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು. ನೌಕೆ ಅದಕ್ಕಿಂತ ಎಷ್ಟೋ ದೂರ. ನೆಪ್ಚೂನ್ ಗ್ರಹದ ಹತ್ತಿರ ಇದ್ದಾಗ, ಬೆಳಗ್ಗೆ ಎಂಟಕ್ಕೆ ‘ಚೆನ್ನಾಗಿದ್ದೀಯಾ’ ಅಂತ ಕೇಳಿದ್ರೆ ಅದಕ್ಕೆ ಕೇಳಿಸೋದು ಮಧ್ಯಾಹ್ನ ಹನ್ನೆರಡಕ್ಕೆ. ಅದು ತಕ್ಷಣ ‘ಚೆನ್ನಾಗಿದ್ದೀನಿ’ ಅಂದ್ರೂ ನಮಗೆ ಮುಟ್ಟೋದು ಸಂಜೆ ನಾಲ್ಕಕ್ಕೆ. ಅದರ ದನಿ ಎಷ್ಟು ಸಣ್ಣದು ಗೊತ್ತಾ? ಫ್ರಿಜ್ಜಿನೊಳಗಿನ ಬಲ್ಬಿನಷ್ಟು ಶಕ್ತಿ, ಅಷ್ಟೇ. ಅದನ್ನ ಕೇಳಿಸಿಕೊಳ್ಳೋಕೆ ಇಲ್ಲಿ ಮೈದಾನದಷ್ಟು ದೊಡ್ಡ ಕಿವಿ ಕಟ್ಟಿಸಿದ್ದಾರೆ.”

“ಅಲ್ಲಿ ಬಿಸಿಲು ಇದೆಯಾ?”

“ಇಲ್ಲಮ್ಮ. ಸೂರ್ಯ ಒಂದು ಚುಕ್ಕಿಯಷ್ಟು ಕಾಣ್ತಾನೆ. ಅದಕ್ಕೇ ಕರೆಂಟಿಗೆ ಹೊಟ್ಟೆಯೊಳಗೆ ಒಂದು ಬೆಚ್ಚನೆಯ ಲೋಹ ಇಟ್ಟು ಕಳಿಸಿದ್ದಾರೆ.”

“ವಾಪಸ್ ಯಾವಾಗ ಬರುತ್ತೆ?”

“ವಾಪಸ್ ಬರಲ್ಲ.”

ಇದನ್ನು ಆಪರೇಟರ್ ಬಹಳ ಸಹಜವಾಗಿ ಹೇಳಿದರು. ಚೋಟುದ್ದದ ಹುಡುಗಿಯ ಕೆಳತುಟಿ ಮುಂದಕ್ಕೆ ಬಂತು.

“ಯಾಕೆ?”

“ತಿರುಗೋಕೆ ಎಣ್ಣೆ ಇಲ್ಲ.”

ಅವಳು ಅಳತೊಡಗಿದಳು. ಪಕ್ಕದವನೂ ಅತ್ತ. ಮಕ್ಕಳ ಅಳು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬುವುದನ್ನು ನೋಡಿದವರಿಗೆ ಗೊತ್ತು, ಕಾಡ್ಗಿಚ್ಚು ಅದರ ಮುಂದೆ ಏನೂ ಅಲ್ಲ. ಎರಡು ನಿಮಿಷದಲ್ಲಿ ನೂರ ಹತ್ತು ಮಕ್ಕಳು ಬಿಕ್ಕುತ್ತಿದ್ದವು. ಪೋಷಕರು ಆಪರೇಟರನ್ನು ಕೆಕ್ಕರಿಸಿ ನೋಡಿದರು. “ನೀರೂ ಕೊಡಲ್ಲ, ಮಕ್ಕಳನ್ನೂ ಅಳಿಸ್ತಾನೆ!” ಎಂದರು ಅಜ್ಜಿ.

“ಅಯ್ಯೋ, ಅಳಬೇಡ್ರೋ!” ಆಪರೇಟರ್ ತಲೆ ತಲೆ ಚಚ್ಚಿಕೊಂಡರು. “ಅದು ಕಳೆದುಹೋದ ನಾಯಿಮರಿ ಅಲ್ಲ! ಡ್ಯೂಟಿ ಮೇಲಿದೆ! ಬನ್ನಿ, ನಾವೇ ಆಡಿ ತೋರಿಸೋಣ. ಯಾರು ನೌಕೆ ಆಗ್ತೀರಿ?”

ಚೋಟುದ್ದದ ಹುಡುಗಿ ಮೂಗು ಒರೆಸಿಕೊಂಡು ಕೈ ಎತ್ತಿದಳು.

ಎಲ್ಲರೂ ಅಂಗಳಕ್ಕೆ ಬಂದರು. ಹೊಟ್ಟೆಯ ಅಳತೆ ನೋಡಿ ಭಾವನನ್ನು ಗುರು ಗ್ರಹ ಮಾಡಿದರು. ಶನಿಗೆ ಬಳೆ ಬೇಕಲ್ಲ, ಆಟದ ಕೋಣೆಯಿಂದ ದೊಡ್ಡದೊಂದು ಪ್ಲಾಸ್ಟಿಕ್ ರಿಂಗು ತಂದು ಹೆಡ್ ಮಿಸ್ಸು ನೇರವಾಗಿ ಮೇಲಧಿಕಾರಿಯ ತಲೆಯ ಮೇಲಿಂದ ಇಳಿಸಿದರು. ಅವರು, “ನಾನು ಪರಿಶೀಲನೆಗೆ...” ಎಂದದ್ದು ಯಾರಿಗೂ ಕೇಳಿಸಲಿಲ್ಲ. ಸೊಂಟದ ಸುತ್ತ ರಿಂಗನ್ನೂ ಕಂಕುಳಲ್ಲಿ ಫೈಲನ್ನೂ ಹಿಡಿದು ಅವರು ಅಂಗಳದ ನಡುವೆ ನಿಂತರು. ಅವರನ್ನು ಶನಿಯ ಜಾಗದಲ್ಲಿ ನೋಡಬೇಕೆಂದು ಕಚೇರಿಯಲ್ಲಿ ಎಷ್ಟು ಜನ ಎಷ್ಟು ವರ್ಷದಿಂದ ಆಸೆಪಟ್ಟಿದ್ದರೋ. ನೋಡುವ ಭಾಗ್ಯ ಆಪರೇಟರೊಬ್ಬರಿಗೇ ಸಿಕ್ಕಿತು. ಗಾರ್ಡ್ ಗೇಟಿನ ಹತ್ತಿರ ನೆಪ್ಚೂನ್ ಆಗಿ ನಿಂತರು. ಮಿಕ್ಕ ಮಕ್ಕಳು ಭೂಮಿ.

ಗಾರ್ಡ್ ಸೀಟಿ ಊದಿದರು. ನೌಕೆ ಹೊರಟಿತು. ಗುರು ಗ್ರಹ ಅವಳ ಕೈ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿಸಿ ಬೀಸಿ ಬಿಟ್ಟಿತು. ಅವಳು ಅದೇ ವೇಗದಲ್ಲಿ ಶನಿಯನ್ನು ದಾಟಿ, ನೆಪ್ಚೂನಿನ ಪಕ್ಕದಲ್ಲಿ ನುಸುಳಿ, ಗೇಟಿನಾಚೆ ಬೀದಿಯಲ್ಲಿ ಮಾಯವಾದಳು.

“ಏನು ಕಾಣ್ತಿದೆ ಅಂತ ಈಗ ಕೇಳೋಣ,” ಎಂದರು ಆಪರೇಟರ್ ಉತ್ಸಾಹದಲ್ಲಿ. ಭೂಮಿಯೆಲ್ಲ ಒಟ್ಟಾಗಿ ಕೂಗಿತು: “ನೌಕೇ, ಏನು ಕಾಣ್ತಿದೆ?”

ಉತ್ತರವಿಲ್ಲ.

“ಕಾಯ್ಬೇಕು. ಸಂಕೇತ ಹೋಗಿ ಬರೋಕೆ ಹೊತ್ತು ಬೇಕು,” ಎಂದಳು ಗುಬ್ಬಿ.

ಕಾದರು. ಗಾರ್ಡ್ ಗೇಟಿನಾಚೆ ಇಣುಕಿ ನೋಡಿ, ಸೀಟಿ ಬಾಯಿಂದ ತೆಗೆದು, “ಗಾಡಿ ಕಾಣ್ತಿಲ್ಲ!” ಎಂದರು.

ಅಲ್ಲಿಂದ ಮುಂದೆ ನಡೆದದ್ದಕ್ಕೆ ಓಟ ಎಂದೇ ಹೆಸರು. ಮೊದಲು ಹುಡುಗಿಯ ತಾಯಿ, ಆಕೆಯ ಹಿಂದೆ ಆಪರೇಟರ್, ಅವರ ಹಿಂದೆ ರಿಂಗು ತೆಗೆಯಲು ಬಾರದೆ ಹಾಗೇ ಓಡುತ್ತಿದ್ದ ಶನಿ, ಏದುಸಿರು ಬಿಡುವ ಗುರು, ಪ್ರತಿ ತಿರುವಿನಲ್ಲೂ ಸೀಟಿ ಊದುವ ನೆಪ್ಚೂನ್, ಅವರೆಲ್ಲರ ಹಿಂದೆ ನೂರ ಒಂಬತ್ತು ಮಕ್ಕಳಿದ್ದ ಭೂಮಿ. ಕ್ಷೌರದಂಗಡಿಯಿಂದ ಅರ್ಧ ಕತ್ತರಿಸಿಕೊಂಡ ತಲೆಯೊಂದು ಹೊರಗೆ ಬಂದು, “ಏನ್ರೀ ಆಯ್ತು?” ಎಂದಿತು. “ನೌಕೆ ತಪ್ಪಿಸಿಕೊಂಡಿದೆ!” ಎಂದು ಮೇಲಧಿಕಾರಿ ಓಡುತ್ತಲೇ ಹೇಳಿದರು.

ಬೀದಿಯ ಕೊನೆಯ ಔಷಧಿ ಅಂಗಡಿಯ ಪಕ್ಕ, ನೆರಳಿನ ಕಟ್ಟೆಯ ಮುಂದೆ, ಚೋಟುದ್ದದ ಹುಡುಗಿ ಕೈಗಳನ್ನು ಅಗಲಕ್ಕೆ ಚಾಚಿಕೊಂಡು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ಮುಂದಕ್ಕೆ ಹೋಗುತ್ತಿದ್ದಳು. ತಾಯಿ ಹೋಗಿ ಹಿಡಿದುಕೊಂಡಳು. ಹುಡುಗಿ ನಿಂತಳು, ತಿರುಗಲಿಲ್ಲ.

“ಬಾರಮ್ಮ ಮನೆಗೆ!”

ಚಾಚಿದ ಕೈ ಇಳಿಯಲಿಲ್ಲ.

“ನೀವೇ ಕಳಿಸಿದ್ದು, ನೀವೇ ಆಜ್ಞೆ ಕೊಡ್ರೀ!” ಎಂದು ಮೇಲಧಿಕಾರಿ ಆಪರೇಟರ ಮೇಲೆ ರೇಗಿದರು.

“ತಿರುಗಮ್ಮಾ!” ಎಂದರು ಆಪರೇಟರ್.

ತುಂಬಾ ಹೊತ್ತಾದ ಮೇಲೆ ಉತ್ತರ ಬಂತು. “ಎಣ್ಣೆ ಇಲ್ಲ.”

ಗದರಿದರು, ಮುದ್ದು ಮಾಡಿದರು, ಭಾವ ಮಿಠಾಯಿ ಕೊಡಿಸುತ್ತೇನೆ ಎಂದ. ಎತ್ತಿಕೊಳ್ಳಲು ಹೋದರೆ ಕಂಬದ ಹಾಗೆ ಸೆಟೆದು ನಿಂತು ಕಿರುಚಿದಳು. ಆಗ ಗುಬ್ಬಿ ದೊಡ್ಡವರ ಕಾಲುಗಳ ನಡುವೆ ನುಗ್ಗಿ ಬಂದು, ಅವಳ ಪಕ್ಕದಲ್ಲಿ ಅವಳ ಹಾಗೇ ಕೈ ಚಾಚಿ ನಿಂತಳು.

“ನಿನ್ನ ಶಿಫ್ಟು ಮುಗೀತು. ಈಗ ನಂದು,” ಎಂದಳು ಗುಬ್ಬಿ. “ನಮ್ಮಪ್ಪನ ಆಫೀಸಲ್ಲಿ ಹೀಗೇ. ಒಬ್ಬರು ಬಂದ ಮೇಲೆ ಇನ್ನೊಬ್ಬರು ಮನೆಗೆ ಹೋಗ್ಬೇಕು. ರೂಲ್ಸು.”

ಹುಡುಗಿ ಯೋಚಿಸಿದಳು. ಆಪರೇಟರ ಮುಖ ನೋಡಿದಳು. ಆಪರೇಟರ್ ಬಹಳ ಗಂಭೀರವಾಗಿ ತಲೆಯಾಡಿಸಿದರು. ಹುಡುಗಿ ಕೈಗಳನ್ನು ಇಳಿಸಿ, ತಾಯಿಯ ಹೆಗಲೇರಿದಳು.

ಎಲ್ಲರೂ ಸುಸ್ತಾಗಿ ಶಾಲೆಯ ಕಡೆ ತಿರುಗಿದರು. ಗುಬ್ಬಿ ಈಗ ತಾನೇ ನೌಕೆಯಾದ್ದರಿಂದ ಮುಂದೆ ಹೋಗುವುದಾಗಿ ಹಠ ಹಿಡಿದಳು. ಆಪರೇಟರ್ ಅವಳ ಕಿವಿಯಲ್ಲಿ, “ನಿನ್ನ ಶಿಫ್ಟು ಸೋಮವಾರದಿಂದ,” ಎಂದು ಹೇಳಿ ಕೈ ಹಿಡಿದುಕೊಂಡರು. ದಾರಿಯಲ್ಲಿ ಅವಳ ಕ್ಲಾಸಿನ ಮೂವರು ಹುಡುಗಿಯರು ಹತ್ತಿರ ಬಂದು, “ಶಿಫ್ಟಲ್ಲಿ ಮೂರೂ ಪಂಪನ್ನ ನಿಮ್ಮಪ್ಪನೇ ನೋಡ್ಕೋಬೇಕಾ? ಗುಂಡಿ ಒತ್ತಿದ್ರೆ ಸದ್ದು ಬರುತ್ತಾ?” ಎಂದು ವಿಚಾರಿಸಿದರು. ಟೂ ಬಿಟ್ಟದ್ದು ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ.

ಗೇಟಿನ ಹತ್ತಿರ ಗಾರ್ಡ್ ಮತ್ತು ಭಾವ ಇಬ್ಬರೂ ಸೇರಿ ಮೇಲಧಿಕಾರಿಯನ್ನು ರಿಂಗಿನಿಂದ ಬಿಡಿಸಿದರು. ಅವರು ಬೆವರು ಒರೆಸಿಕೊಂಡು, ಫೈಲನ್ನು ಗೇಟಿನ ಕಂಬದ ಮೇಲಿಟ್ಟು ಅಲ್ಲೇ ಬರೆದರು. ‘ಖುದ್ದಾಗಿ ಪರಿಶೀಲಿಸಲಾಯಿತು. ಸದರಿ ನೌಕರರಿಗೆ ನೌಕೆ ನಡೆಸುವ ಯಾವ ಸಾಮರ್ಥ್ಯವೂ ಇರುವುದಿಲ್ಲ. ಪ್ರಕರಣ ಮುಕ್ತಾಯ.’ ಆಪರೇಟರ ಹೆಂಡತಿ ಬಗ್ಗಿ ಓದಿ, “ಈ ‘ಯಾವ’ ಬೇಡವಾಗಿತ್ತು,” ಎಂದಳು. ಅವರು ಅದನ್ನು ಹೊಡೆದುಹಾಕಿ ಸಹಿ ಮಾಡಿದರು. ಅಜ್ಜಿ ಅವರ ತೋಳು ಹಿಡಿದುಕೊಂಡು, ಮೂರನೇ ಪಂಪು ರಿಪೇರಿಯಾಗುವ ತಾರೀಖನ್ನೂ ಅದೇ ಪೆನ್ನಿನಲ್ಲಿ ಬರೆಸಿಕೊಂಡರು.

ಜನ ಕರಗತೊಡಗಿದರು. ಚೋಟುದ್ದದ ಹುಡುಗಿ ತಾಯಿಯ ಹೆಗಲ ಮೇಲೆ ಕೆನ್ನೆ ಒತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ, ಬಹಳ ಹೊತ್ತಿನಿಂದ ಏನೂ ಮಾತಾಡಿರಲಿಲ್ಲ. ಗೇಟು ದಾಟುವಾಗ ಇದ್ದಕ್ಕಿದ್ದಂತೆ ತಲೆ ಎತ್ತಿದಳು.

“ನೀವೆಲ್ಲ ನನ್ನ ಹಿಂದೆ ಓಡಿ ಬರ್ತಿರೋದು,” ಎಂದಳು.

“ಏನಮ್ಮ ಅದು?” ಎಂದಳು ತಾಯಿ.

“ಏನು ಕಾಣ್ತಿದೆ ಅಂತ ಕೇಳಿದ್ರಲ್ಲ.”